ಪ್ರಯೋಗಾಲಯದ ಬಾಗಿಲು ಮತ್ತು ಮೇಜು: ಕಮಲಾ ಸೊಹೋನಿ ಅವರ ಬದುಕು

ಭಾರತದ ಮಹಿಳಾ ವಿಜ್ಞಾನಿಗಳ ಬದುಕು ಸಾರ್ವಜನಿಕ ನೆನಪಿನಲ್ಲಿ ಉಳಿದಿರುವುದು ಬಹುಮಟ್ಟಿಗೆ ಪ್ರವೇಶದ ಕಥನಗಳ ರೂಪದಲ್ಲಿ. ಯಾವ ಸಂಸ್ಥೆ ಯಾರನ್ನು ಹೊರಗಿಟ್ಟಿತು, ಯಾರು ಮೊದಲು ಒಳಹೊಕ್ಕರು ಎಂಬ ಪ್ರಶ್ನೆಗಳೇ ಅಂಥ ಕಥನಗಳ ಕೇಂದ್ರದಲ್ಲಿರುತ್ತವೆ. ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ (1911-1998) ಅವರ ವಿಷಯದಲ್ಲಿ ಇದು ಇನ್ನಷ್ಟು ನಿಜ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವರಿಗೆ ಪ್ರವೇಶ ನಿರಾಕರಿಸಿದ್ದು, ಅವರು ಸತ್ಯಾಗ್ರಹದ ದಾರಿ ಹಿಡಿದದ್ದು, ಕೊನೆಗೆ ಷರತ್ತುಗಳೊಡನೆ ಒಳಗೆ ಹೋದದ್ದು ಮತ್ತೆ ಮತ್ತೆ ಹೇಳಲ್ಪಟ್ಟಿರುವ ಪ್ರಸಂಗ. ಈ ಪ್ರಸಂಗವನ್ನು ಮರೆಯುವಂತಿಲ್ಲ. ಆದರೆ ಇಡೀ ಬದುಕನ್ನು ಈ ಒಂದು ದೃಶ್ಯದ ಸುತ್ತ ಹೆಣೆದಾಗ ಎರಡು ತೊಡಕುಗಳು ಉಂಟಾಗುತ್ತವೆ. ಮೊದಲನೆಯದಾಗಿ, ಹೊರಗಿಡುವಿಕೆ ಎಂಬುದು ಒಬ್ಬ ವ್ಯಕ್ತಿಯ ಸ್ವಭಾವದೋಷವಾಗಿ ಕುಗ್ಗಿ, ಬಾಗಿಲು ತೆರೆದ ದಿನವೇ ಸಮಸ್ಯೆ ಪರಿಹಾರವಾಯಿತೆಂಬ ಭಾವನೆ ಮೂಡುತ್ತದೆ. ಎರಡನೆಯದಾಗಿ, ಒಳಗೆ ಹೋದ ಮೇಲೆ ಆಕೆ ಪ್ರಯೋಗಾಲಯದ ಮೇಜಿನ ಮುಂದೆ ಏನು ಮಾಡಿದರು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಹಾಲು, ಬೇಳೆಕಾಳು, ಆಲೂಗಡ್ಡೆ, ಅವರೆ, ನೀರಾ ಹೀಗೆ ಜನಸಾಮಾನ್ಯರ ಆಹಾರವನ್ನೇ ತಮ್ಮ ರಸಾಯನಶಾಸ್ತ್ರದ ವಸ್ತುವಾಗಿಸಿಕೊಂಡ ಈ ವಿಜ್ಞಾನಿಯ ಬದುಕನ್ನು ಬಾಗಿಲಿನಿಂದ ಮೇಜಿನವರೆಗೆ ಹಿಂಬಾಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಮನೆತನ ಮತ್ತು ಓದು

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್ ಹಾಗೂ ತಂದೆಯ ಸಹೋದರ ಮಾಧವರಾವ್ ಭಾಗವತ್ ಇಬ್ಬರೂ ರಸಾಯನ ವಿಜ್ಞಾನಿಗಳು. ಇಬ್ಬರೂ ಆಗ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುತ್ತಿದ್ದ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. ಹೀಗಾಗಿ ಕಮಲಾ ಅವರಿಗೆ ಬೆಂಗಳೂರು ಅಪರಿಚಿತ ಊರೇನೂ ಆಗಿರಲಿಲ್ಲ; ಮನೆಯ ಮಾತಿನಲ್ಲಿ ಬೆರೆತಿದ್ದ ವಿದ್ಯಾಸ್ಥಾನವಾಗಿತ್ತು. ತಂದೆಯ ವೃತ್ತಿಯನ್ನು ಮಗ ಮುಂದುವರಿಸುವುದು ಸಹಜವೆಂದು ಭಾವಿಸುತ್ತಿದ್ದ ಕಾಲದಲ್ಲಿ ಆ ಸಹಜತೆಯನ್ನು ಮಗಳೊಬ್ಬಳು ತನ್ನದೆಂದು ತಿಳಿದಳು. ಮುಂದೆ ಬೆಂಗಳೂರಿನಲ್ಲಿ ಘರ್ಷಣೆಗೆ ಒಳಗಾದದ್ದು ಈ ತಿಳಿವಳಿಕೆಯೇ.

ಅಕ್ಕ ದುರ್ಗಾ ಭಾಗವತ್ (1910-2002) ಮರಾಠಿಯ ಹೆಸರಾಂತ ಲೇಖಕಿ, ಜಾನಪದ ವಿದ್ವಾಂಸೆ. 1975ರಲ್ಲಿ ಕರಾಡದಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಆಕೆ ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿ ಸೆರೆಮನೆ ಕಂಡರು. ಒಬ್ಬಾಕೆ ಪ್ರಭುತ್ವದೆದುರು, ಇನ್ನೊಬ್ಬಾಕೆ ವಿಜ್ಞಾನದ ಸಂಸ್ಥೆಯೆದುರು ತೋರಿದ ನಿಲುವಿನಲ್ಲಿ ಒಂದೇ ಮನೆಯ ಸಂಸ್ಕಾರವನ್ನು ಗುರುತಿಸಬಹುದು. ಕಮಲಾ ಅವರು ರಸಾಯನಶಾಸ್ತ್ರವನ್ನು ಪ್ರಧಾನ ವಿಷಯವಾಗಿಯೂ ಭೌತಶಾಸ್ತ್ರವನ್ನು ಪೂರಕ ವಿಷಯವಾಗಿಯೂ ಓದಿ, 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯನ್ನು ಅತ್ಯುನ್ನತ ಶ್ರೇಣಿಯಲ್ಲಿ ಪಡೆದರು. ಮುಂದಿನ ಹೆಜ್ಜೆಯ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ಬೆಂಗಳೂರಿಗೆ ಅರ್ಜಿ ಹೋಯಿತು.

2. ಬೆಂಗಳೂರು: ಬಾಗಿಲು

ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ 371 ಎಕರೆ ಭೂಮಿ ನೀಡಿತ್ತು. 1909ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ಕಲಿಕೆ ಆರಂಭಿಸಿದ ಈ ಸಂಸ್ಥೆಯಲ್ಲಿ ರಸಾಯನಶಾಸ್ತ್ರಕ್ಕೆ ಮೊದಲಿನಿಂದಲೂ ಪ್ರಧಾನ ಸ್ಥಾನವಿತ್ತು. ಸ್ಥಳೀಯ ಸಸ್ಯವಸ್ತುಗಳನ್ನು ಪ್ರಯೋಗಾಲಯಕ್ಕೆ ತಂದು ಪರೀಕ್ಷಿಸುವುದು ಅಲ್ಲಿನ ಸಾವಯವ ರಸಾಯನಶಾಸ್ತ್ರದ ಒಂದು ಮುಖ್ಯ ಪ್ರವೃತ್ತಿ. ಸಡ್‌ಬರೊ ಮತ್ತು ವ್ಯಾಟ್ಸನ್ ಅಲ್ಲಿ ನಡೆಸಿದ ಶ್ರೀಗಂಧದ ಎಣ್ಣೆಯ ಬಟ್ಟಿ ಇಳಿಸುವಿಕೆಯ ಪ್ರಯೋಗಗಳು ಮೈಸೂರು ಸರ್ಕಾರದ ಗಂಧದೆಣ್ಣೆ ಉದ್ಯಮಕ್ಕೆ ತಳಹದಿಯಾದದ್ದು ಇದಕ್ಕೆ ನಿದರ್ಶನ. ಬೇಳೆಕಾಳನ್ನು ವಿಶ್ಲೇಷಿಸಲು ಬಯಸಿದ ವಿದ್ಯಾರ್ಥಿನಿಗೆ ಇದಕ್ಕಿಂತ ತಕ್ಕ ಜಾಗ ದೇಶದಲ್ಲಿ ಹೆಚ್ಚಿರಲಿಲ್ಲ.

1933ರಲ್ಲಿ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡವರು ಸಿ.ವಿ. ರಾಮನ್. ಕಮಲಾ ಅವರ ಅರ್ಜಿ ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆಯಿರಲಿಲ್ಲ, ಅರ್ಜಿದಾರಳು ಹೆಣ್ಣು ಎಂಬುದೇ ಕಾರಣವೆಂದು ಕಮಲಾ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಮನೆಯ ಹಿರಿಯರ ಮನವಿಯೂ ಫಲಿಸಲಿಲ್ಲ. ಆಗ ಆಕೆ ಸ್ವತಃ ಬೆಂಗಳೂರಿಗೆ ಬಂದು, ಕಾರಣವನ್ನು ಮುಖಾಮುಖಿಯಾಗಿ ಕೇಳಿ, ಪ್ರವೇಶ ಸಿಗುವವರೆಗೆ ಕದಲುವುದಿಲ್ಲವೆಂದು ಪಟ್ಟು ಹಿಡಿದರು. ಕಾಯಿದೆಭಂಗ ಚಳವಳಿ ದೇಶವನ್ನು ಆವರಿಸಿದ್ದ ವರ್ಷಗಳವು. ಬೀದಿಯಲ್ಲಿ ರೂಪುಗೊಂಡಿದ್ದ ಪ್ರತಿಭಟನೆಯ ಮಾರ್ಗವನ್ನು ಯುವತಿಯೊಬ್ಬಳು ವಿಜ್ಞಾನ ಸಂಸ್ಥೆಯ ನಿರ್ದೇಶಕರ ಕೊಠಡಿಯವರೆಗೆ ತಂದದ್ದು ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದಲೂ ಗಮನಾರ್ಹ.

ಪ್ರವೇಶವೇನೋ ದೊರಕಿತು, ಆದರೆ ಮೂರು ಷರತ್ತುಗಳ ಮೇಲೆ. ಮೊದಲ ವರ್ಷ ಆಕೆಯನ್ನು ಪೂರ್ಣಾವಧಿಯ ವಿದ್ಯಾರ್ಥಿನಿಯೆಂದು ಪರಿಗಣಿಸುವಂತಿಲ್ಲ. ಕೆಲಸ ತೃಪ್ತಿಕರವೆನಿಸಿದರೆ ಮಾತ್ರ ಮಾನ್ಯತೆ. ಮಾರ್ಗದರ್ಶಕರು ಹೇಳಿದಾಗ, ರಾತ್ರಿಯಾದರೂ, ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣಕ್ಕೆ ಆಕೆಯಿಂದ ಧಕ್ಕೆಯಾಗಬಾರದು. ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ಒಳತರ್ಕ ಸ್ಪಷ್ಟವಾಗುತ್ತದೆ. ಮೊದಲನೆಯದು ಪದವಿಯ ಮೂಲಕ ಆಗಲೇ ಸಾಬೀತಾಗಿದ್ದ ಅರ್ಹತೆಯನ್ನು ಮತ್ತೊಮ್ಮೆ ಸಾಬೀತುಪಡಿಸಲು ಕೇಳುತ್ತದೆ. ಎರಡನೆಯದು ಪ್ರಾಯೋಗಿಕ ರಸಾಯನಶಾಸ್ತ್ರದಲ್ಲಿ ತೊಡಗಿದ ಯಾರಿಗೂ ತಪ್ಪದ ದುಡಿಮೆಯನ್ನು ಒಬ್ಬಳಿಗೆ ಮಾತ್ರ ಷರತ್ತಾಗಿ ವಿಧಿಸುತ್ತದೆ. ಮೂರನೆಯದಂತೂ ಸಹವಿದ್ಯಾರ್ಥಿಗಳ ಚಿತ್ತಚಾಂಚಲ್ಯಕ್ಕೂ ಆಕೆಯನ್ನೇ ಹೊಣೆಯಾಗಿಸುತ್ತದೆ. ಜ್ಞಾನದ ಕ್ಷೇತ್ರಕ್ಕೆ ಲಿಂಗಭೇದವಿಲ್ಲ ಎಂಬ ಆದರ್ಶ ಆಚರಣೆಯಲ್ಲಿ ಎಷ್ಟು ಬಗೆಯ ಭೇದಗಳನ್ನು ಒಳಗೊಂಡಿತ್ತು ಎಂಬುದಕ್ಕೆ ಈ ಷರತ್ತುಗಳು ಸಾಕ್ಷಿ. ಕಮಲಾ ಅವುಗಳನ್ನು ಒಪ್ಪಿದರು. ಒಪ್ಪಿಗೆಯೊಡನೆ ಬೆರೆತಿದ್ದ ಅವಮಾನವನ್ನು ಇಳಿವಯಸ್ಸಿನಲ್ಲೂ ಅವರು ಮರೆತಿರಲಿಲ್ಲ. ರಾಮನ್ ಅವರ ವಿಜ್ಞಾನದ ಬಗ್ಗೆ ಗೌರವವಿಟ್ಟುಕೊಂಡೇ ಅವರ ಈ ಸಂಕುಚಿತತೆಯನ್ನು ನೇರವಾಗಿ ಹೇಳಬಲ್ಲವರಾಗಿದ್ದರು.

3. ಬೆಂಗಳೂರು: ಮೇಜು

ಮಾರ್ಗದರ್ಶಕರಾಗಿ ದೊರೆತವರು ಎಂ. ಶ್ರೀನಿವಾಸಯ್ಯ. ಶ್ರೀಗಂಧದ ಮರಗಳನ್ನು ಕಾಡುತ್ತಿದ್ದ ಸ್ಪೈಕ್ ರೋಗದ ರಾಸಾಯನಿಕ ಲಕ್ಷಣಗಳನ್ನು ಅಭ್ಯಸಿಸಿದ್ದ ಅವರು ಶಿಸ್ತಿಗೆ ಹೆಸರಾದವರು. ಅವರ ಕೈಕೆಳಗೆ ಕಮಲಾ ಆಯ್ದುಕೊಂಡ ವಸ್ತು ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನು. ಮಾಂಸಾಹಾರ ಕೈಗೆಟುಕದ ಅಥವಾ ಒಗ್ಗದ ಬಹುಸಂಖ್ಯೆಯ ಭಾರತೀಯರಿಗೆ ಪ್ರೋಟೀನಿನ ಮುಖ್ಯ ಆಕರ ಬೇಳೆಕಾಳು. ಆದರೆ ಯಾವ ಕಾಳಿನಲ್ಲಿ ಎಷ್ಟು ಪ್ರೋಟೀನು, ಯಾವ ಬಗೆಯ ಪ್ರೋಟೀನು ಎಂಬ ಖಚಿತ ತಿಳಿವಳಿಕೆ ಆಗ ಅಲ್ಪವಾಗಿತ್ತು.

ಈ ಕೆಲಸದ ಸ್ವರೂಪವನ್ನು ಅರಿಯದೆ ಆ ವರ್ಷಗಳ ಶ್ರಮವನ್ನು ಅರಿಯಲಾಗದು. ಕಾಳನ್ನು ನುಣ್ಣಗೆ ಬೀಸಿ, ಉಪ್ಪಿನ ದ್ರಾವಣದಲ್ಲಿ ಅದರ ಸಾರ ತೆಗೆದು, ಸೋಸಿ, ಪ್ರೋಟೀನನ್ನು ಗರಣೆಗಟ್ಟಿಸಿ ಬೇರ್ಪಡಿಸಬೇಕು. ಪ್ರೋಟೀನಿನ ದ್ರಾವಣ ಸೆಕೆಗೆ ಬೇಗ ಕೆಡುವಂಥದ್ದು. ಒಮ್ಮೆ ಕೈಗೆತ್ತಿಕೊಂಡ ಪ್ರಯೋಗವನ್ನು ಗಡಿಯಾರ ನೋಡಿ ನಿಲ್ಲಿಸುವಂತಿಲ್ಲ. ಅನಂತರ ಪ್ರಮಾಣ ನಿರ್ಣಯ. ಆಗ ಎಲ್ಲೆಡೆ ಬಳಕೆಯಲ್ಲಿದ್ದುದು ಕೆಲ್ಡಾಲ್ ವಿಧಾನ: ವಸ್ತುವನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರ ಸಾರಜನಕವನ್ನು ಅಮೋನಿಯವಾಗಿಸಿ, ಬಟ್ಟಿ ಇಳಿಸಿ ಅಳೆಯುವುದು, ದೊರೆತ ಸಾರಜನಕದಿಂದ ಪ್ರೋಟೀನನ್ನು ಲೆಕ್ಕ ಹಾಕುವುದು. ಈ ವಿಧಾನಕ್ಕೆ ಒಂದು ಮಿತಿಯಿದೆ. ಕಾಳಿನಲ್ಲಿರುವ ಸಾರಜನಕವೆಲ್ಲ ಪ್ರೋಟೀನಿಗೆ ಸೇರಿದ್ದೆಂದು ಅದು ಭಾವಿಸಿಕೊಳ್ಳುತ್ತದೆ. ಬಿಡಿ ಅಮೈನೊ ಆಮ್ಲಗಳಲ್ಲೂ ಇತರ ಸಂಯುಕ್ತಗಳಲ್ಲೂ ಸಾರಜನಕವಿರುತ್ತದೆ. ಅದನ್ನು ಬೇರ್ಪಡಿಸಿ ಅಳೆಯದಿದ್ದರೆ ಬಡವರ ತಟ್ಟೆಯಲ್ಲಿರುವ ಪ್ರೋಟೀನಿನ ಲೆಕ್ಕ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಶ್ರೀನಿವಾಸಯ್ಯ ಅವರೊಡನೆ ಜಂಟಿಯಾಗಿ ಕಮಲಾ ಕೈಗೊಂಡ ಬೇಳೆಕಾಳುಗಳ ಪ್ರೋಟೀನೇತರ ಸಾರಜನಕದ ಅಧ್ಯಯನ ಈ ಪ್ರಶ್ನೆಗೆ ಸಂಬಂಧಿಸಿದ್ದು. ಅದು 1935ರಲ್ಲಿ ಇಂಗ್ಲೆಂಡಿನ ಬಯೊಕೆಮಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮಾನ್ಯತೆಗಾಗಿ ಪರೀಕ್ಷೆಗೊಳಪಟ್ಟ ವಿದ್ಯಾರ್ಥಿನಿ ಎರಡೇ ವರ್ಷಗಳಲ್ಲಿ ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆಯ ಲೇಖಕಿಯಾಗಿದ್ದರು.

ವರ್ಷ ಕಳೆದ ಮೇಲೆ ರಾಮನ್ ಅವರಿಗೆ ಕಮಲಾ ಅವರ ಕೆಲಸ ಮೆಚ್ಚುಗೆಯಾಗಿ ಸಂಶೋಧನೆಗೆ ಕ್ರಮಬದ್ಧ ಅನುಮತಿ ಸಿಕ್ಕಿತು. ಸಂಸ್ಥೆಗೆ ಆಗ ಪದವಿ ನೀಡುವ ಅಧಿಕಾರವಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಸಮಾನವೆಂಬ ಸ್ಥಾನ ಅದಕ್ಕೆ ದೊರೆತದ್ದು 1958ರಲ್ಲಿ. ಹಾಗಾಗಿ ಬೆಂಗಳೂರಿನ ಕೆಲಸದ ಆಧಾರದ ಮೇಲೆ 1936ರಲ್ಲಿ ಅವರಿಗೆ ಎಂ.ಎಸ್ಸಿ. ನೀಡಿದ್ದು ಮುಂಬಯಿ ವಿಶ್ವವಿದ್ಯಾಲಯ. ಅನಂತರ ಸಂಸ್ಥೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿತು. 1940ರಲ್ಲಿ ರಾಮನ್ ಅವರ ಪ್ರಯೋಗಾಲಯಕ್ಕೇ ಅನ್ನಾ ಮಣಿ ಸೇರಿದರು. ಅದೇ ದಶಕದಲ್ಲಿ ಕನ್ನಡ ನಾಡಿನ ರಾಜೇಶ್ವರಿ ಚಟರ್ಜಿ ವಿದ್ಯುತ್ ಸಂವಹನ ವಿಭಾಗಕ್ಕೆ ಬಂದರು. ಆದರೆ ಬಾಗಿಲು ತೆರೆದದ್ದು ಎಲ್ಲ ಅಡೆತಡೆಗಳ ನಿವಾರಣೆಯೆಂದು ತಿಳಿಯಲಾಗದು. ವಜ್ರಗಳ ದೀಪ್ತಿಯನ್ನು ಕುರಿತ ತಮ್ಮ ಪ್ರಬಂಧವನ್ನು ಅನ್ನಾ ಮಣಿ 1945ರಲ್ಲಿ ಸಲ್ಲಿಸಿದರೂ, ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದ್ರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ನೀಡಲಿಲ್ಲ. ನಿಯಮದ ಭಾಷೆ ಷರತ್ತಿನ ಭಾಷೆಗಿಂತ ಸೌಮ್ಯವಾಗಿರಬಹುದು. ಪರಿಣಾಮದಲ್ಲಿ ಅದು ಅಷ್ಟೇ ಕಠಿಣವಾಗಬಲ್ಲದು.

4. ಕೇಂಬ್ರಿಡ್ಜ್

1937ರಲ್ಲಿ ಕಮಲಾ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಜೀವಸತ್ತ್ವಗಳ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್. ಮಾರ್ಜರಿ ಸ್ಟೀಫನ್‌ಸನ್, ಡೊರೊತಿ ನೀಡಮ್ ಅವರಂಥ ಮಹಿಳಾ ವಿಜ್ಞಾನಿಗಳು ಆ ಪ್ರಯೋಗಾಲಯದಲ್ಲಿ ಗೌರವದಿಂದ ದುಡಿಯುತ್ತಿದ್ದರು. ಕಮಲಾ ಮೊದಲು ಡೆರೆಕ್ ರಿಕ್ಟರ್ ಅವರೊಡನೆ, ಅನಂತರ ರಾಬಿನ್ ಹಿಲ್ ಅವರೊಡನೆ ಕೆಲಸ ಮಾಡಿದರು.

ಹಿಲ್ ಸಸ್ಯ ಜೀವಕೋಶಗಳ ಅಧ್ಯಯನದಲ್ಲಿ ತೊಡಗಿದ್ದವರು. ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಂಡು ಶಕ್ತಿ ಪಡೆಯುವ ಪ್ರಕ್ರಿಯೆಯಲ್ಲಿ ಸೈಟೋಕ್ರೋಮ್ ಎಂಬ ವರ್ಣದ್ರವ್ಯಗಳ ಪಾತ್ರವನ್ನು 1925ರಿಂದೀಚೆಗೆ ಕೇಂಬ್ರಿಡ್ಜಿನಲ್ಲೇ ಡೇವಿಡ್ ಕೀಲಿನ್ ವಿವರಿಸಿದ್ದರು. ಆಲೂಗಡ್ಡೆಯ ಅಂಗಾಂಶಗಳೊಡನೆ ಕೆಲಸ ಮಾಡುತ್ತಿದ್ದ ಕಮಲಾ ಸಸ್ಯಗಳ ಉಸಿರಾಟದಲ್ಲೂ ಸೈಟೋಕ್ರೋಮ್ ಸಿ ಪಾಲ್ಗೊಳ್ಳುತ್ತದೆಂಬುದನ್ನು ತೋರಿಸಿಕೊಟ್ಟರು. ಹೂಬಿಡುವ ಸಸ್ಯಗಳಲ್ಲಿನ ಸೈಟೋಕ್ರೋಮ್ ಆಕ್ಸಿಡೇಸನ್ನು ಕುರಿತು ಹಿಲ್ ಮತ್ತು ಭಾಗವತ್ ಅವರ ಜಂಟಿ ಬರಹ 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತು. ಪ್ರಾಣಿಯ ಸ್ನಾಯುವಿಗೂ ನೆಲದೊಳಗಿನ ಗೆಡ್ಡೆಗೂ ಉಸಿರಾಟದ ಮೂಲತಂತ್ರ ಸಮಾನವೆಂಬ ತಿಳಿವಿಗೆ ಇದು ಸಂದ ಕೊಡುಗೆ. ಸುಮಾರು ಹದಿನಾಲ್ಕು ತಿಂಗಳ ಕೆಲಸ. ಪ್ರಬಂಧದ ಗಾತ್ರ ಕೇವಲ ನಲವತ್ತು ಪುಟ. 1939ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು.

ಇಲ್ಲಿ ಎರಡು ಸಂಗತಿಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಕಮಲಾ ಎಂಬ ಮಾತು ವ್ಯಾಪಕವಾಗಿ ಪ್ರಚಲಿತವಾಗಿದೆ. ಆದರೆ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಿದ್ದರು. ಮೊದಲಿಗರೆಂಬ ಹೆಗ್ಗಳಿಕೆಯನ್ನು ಬಿಟ್ಟರೂ ಕಮಲಾ ಅವರ ಮಹತ್ತ್ವ ಕುಂದುವುದಿಲ್ಲ. ಎರಡನೆಯದು, ಬೆಂಗಳೂರಿನ ಸಂಕುಚಿತತೆಗೆ ಎದುರಾಗಿ ಕೇಂಬ್ರಿಡ್ಜಿನ ಔದಾರ್ಯವನ್ನು ನಿಲ್ಲಿಸುವ ಸುಲಭ ಹೋಲಿಕೆ. ಹಾಪ್ಕಿನ್ಸ್ ಅವರ ಪ್ರಯೋಗಾಲಯ ಉದಾರವಾಗಿತ್ತು, ನಿಜ. ಆದರೆ ಅದೇ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ 1948ರವರೆಗೆ ಮಹಿಳೆಯರಿಗೆ ಪದವಿಯ ಹೆಸರನ್ನು ಕೊಡುತ್ತಿತ್ತೇ ಹೊರತು ಪದವೀಧರರ ಪೂರ್ಣ ಹಕ್ಕುಗಳನ್ನು ಕೊಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ಒಂದು ವರ್ಷ ಅರೆ ವಿದ್ಯಾರ್ಥಿನಿಯಾಗಿದ್ದ ಕಮಲಾ, ಡಾಕ್ಟರೇಟ್ ಪಡೆದಾಗಲೂ ಆ ವಿಶ್ವವಿದ್ಯಾಲಯದ ಪೂರ್ಣ ಸದಸ್ಯೆಯಾಗಿರಲಿಲ್ಲ. ಹೊರಗಿಡುವ ಪದ್ಧತಿಯನ್ನು ಒಂದು ದೇಶದ ಹಿಂದುಳಿದಿರುವಿಕೆಯಿಂದಲೋ ಒಬ್ಬ ವ್ಯಕ್ತಿಯ ಹಟದಿಂದಲೋ ಮಾತ್ರ ವಿವರಿಸಲಾಗದು. ಆಧುನಿಕ ವಿಜ್ಞಾನದ ಸಂಸ್ಥೆಗಳ ರಚನೆಯಲ್ಲೇ ಅದು ಸೇರಿಕೊಂಡಿತ್ತು.

5. ಮರಳಿ ದೇಶಕ್ಕೆ: ಅವರೆ ಮತ್ತು ನೀರಾ

1939ರಲ್ಲಿ ಹಿಂದಿರುಗಿದ ಕಮಲಾ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಹೊಣೆ ಹೊತ್ತರು. ಅನಂತರ ಕೂನೂರಿನ ಪೋಷಣ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕರಾಗಿ ಜೀವಸತ್ತ್ವಗಳ ಕುರಿತು ಸಂಶೋಧನೆ ನಡೆಸಿದರು. 1947ರಲ್ಲಿ ಎಂ.ವಿ. ಸೊಹೋನಿ ಅವರನ್ನು ವಿವಾಹವಾಗಿ ಮುಂಬಯಿಗೆ ಬಂದು, ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಹೊಸದಾಗಿ ತೆರೆದಿದ್ದ ಜೀವರಸಾಯನ ವಿಭಾಗದ ಪ್ರಾಧ್ಯಾಪಕರಾದರು. ವಿದ್ಯಾರ್ಥಿಗಳ ತಂಡವೊಂದನ್ನು ಬೆಳೆಸಿ, ತಮ್ಮ ಮೊದಲ ಪ್ರಶ್ನೆಗಳಿಗೆ ಮರಳಲು ಸಾಧ್ಯವಾದದ್ದು ಇಲ್ಲಿ.

ಬೆಂಗಳೂರಿನಲ್ಲಿ ಕೇಳಿದ್ದ ಪ್ರಶ್ನೆ ಕಾಳಿನಲ್ಲಿ ನಿಜವಾದ ಪ್ರೋಟೀನು ಎಷ್ಟು ಎಂಬುದು. ಮುಂಬಯಿಯಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಇರುವ ಪ್ರೋಟೀನಿನಲ್ಲಿ ದೇಹಕ್ಕೆ ದಕ್ಕುವುದೆಷ್ಟು? ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವದ ಕೆಲಸವನ್ನು ತಡೆಯುವ ಪದಾರ್ಥಗಳು ಕಾಳುಗಳಲ್ಲೇ ಇರುತ್ತವೆ. ಸೊಹೋನಿ ಮತ್ತು ಅವರ ಸಹಸಂಶೋಧಕರು ಭಾರತೀಯ ಆಹಾರಧಾನ್ಯಗಳಲ್ಲಿ ಇಂಥ ಪ್ರತಿಬಂಧಕಗಳನ್ನು ಹುಡುಕಿದರು. ಅವರೆ ಮತ್ತು ಡಬಲ್ ಬೀನ್ಸ್‌ನಿಂದ ಅವುಗಳನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು. ಸಸ್ಯಸಾರದ ಕಲಬೆರಕೆಯಿಂದ ಪ್ರೋಟೀನೊಂದನ್ನು ಹರಳುಗಟ್ಟುವಷ್ಟು ಶುದ್ಧಗೊಳಿಸುವುದು ಅಂದಿನ ಸಲಕರಣೆಗಳಲ್ಲಿ ಅಪಾರ ತಾಳ್ಮೆ ಬೇಡುವ ಕೆಲಸ. ಇಂಥ ಪ್ರತಿಬಂಧಕಗಳ ಶಕ್ತಿ ಚೆನ್ನಾಗಿ ಬೇಯಿಸಿದಾಗ ಬಹುಮಟ್ಟಿಗೆ ಕುಗ್ಗುತ್ತದೆ. ಅವರೆಕಾಳನ್ನು ನೆನೆಸಿ, ಹಿದುಕಿ, ಬೇಯಿಸಿ ಉಣ್ಣುವ ಕನ್ನಡದ ಅಡುಗೆಮನೆಗಳಿಗೂ ಈ ಸಂಶೋಧನೆಗೂ ಇರುವ ನಂಟನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಸೊಹೋನಿ ಅವರಿಗೆ ರಾಷ್ಟ್ರಪತಿ ಪ್ರಶಸ್ತಿಯನ್ನು ತಂದದ್ದು ನೀರಾ ಕುರಿತ ಅಧ್ಯಯನ. ಇದನ್ನು ಕೈಗೆತ್ತಿಕೊಳ್ಳಲು ಸೂಚಿಸಿದವರು ಅಂದಿನ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್. ಈಚಲು, ತಾಳೆ, ತೆಂಗು ಮೊದಲಾದ ಮರಗಳಿಂದ ಇಳಿಸುವ ಸಿಹಿ ರಸ ನೀರಾ. ಇಳಿಸಿದ ಕೆಲವೇ ಗಂಟೆಗಳಲ್ಲಿ ಯೀಸ್ಟ್‌ನಿಂದಾಗಿ ಹುಳಿತು ಅದು ಹೆಂಡವಾಗುತ್ತದೆ. ಪಾನನಿರೋಧದ ನೀತಿ ಮರ ಇಳಿಸುವವರ ಬದುಕನ್ನು ಇಕ್ಕಟ್ಟಿಗೆ ಸಿಲುಕಿಸಿದ್ದ ಕಾಲದಲ್ಲಿ, ಹುಳಿಯದ ನೀರಾ ಮತ್ತು ಅದರಿಂದ ಮಾಡಿದ ಬೆಲ್ಲ ಗ್ರಾಮೋದ್ಯೋಗದ ಮುಖ್ಯ ವಸ್ತುಗಳಾಗಿದ್ದವು. ನೀರಾದಲ್ಲಿ ಸಿ ಜೀವಸತ್ತ್ವವೂ ಕಬ್ಬಿಣದ ಅಂಶವೂ ಗಣನೀಯವಾಗಿವೆಯೆಂದು ಸೊಹೋನಿ ಅವರ ಪ್ರಯೋಗಾಲಯ ತೋರಿಸಿತು. ನೀರಾವನ್ನು ಕಾಯಿಸಿ ಬೆಲ್ಲವಾಗಿಸಿದಾಗಲೂ ಪೋಷಕಾಂಶಗಳು ಉಳಿಯುತ್ತವೆಯೆಂಬುದನ್ನೂ ಗುರುತಿಸಿತು. ಬುಡಕಟ್ಟು ಸಮುದಾಯಗಳ ಅಪೌಷ್ಟಿಕ ಮಕ್ಕಳು ಹಾಗೂ ಗರ್ಭಿಣಿಯರ ಆಹಾರದಲ್ಲಿ ಅದನ್ನು ಸೇರಿಸಿದಾಗ ಆರೋಗ್ಯ ಸುಧಾರಿಸಿದ್ದು ಕಂಡುಬಂದಿತು.

ಈ ಅಧ್ಯಯನದ ಅರ್ಥವ್ಯಾಪ್ತಿಯನ್ನು ಮನಗಾಣಲು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯತ್ತ ನೋಡಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ, ಕೆಂಕೆರೆಯಂಥ ಊರುಗಳಲ್ಲಿ, ತೆಂಗೆಂದರೆ ಮೊದಲಿಗೆ ಕೊಬ್ಬರಿ. ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿ ಉಂಡೆ ಕೊಬ್ಬರಿಯಾಗಿಸಿ ಮಾರುವ ಈ ಸೀಮೆಯಲ್ಲಿ ಮರದ ಇಡೀ ಆದಾಯ ಕಾಯಿಯ ಮೇಲೆಯೇ ನಿಂತಿರುತ್ತದೆ. ನುಸಿ ರೋಗದಿಂದ ಇಳುವರಿ ಕುಸಿದಾಗ ಹೊಂಬಾಳೆಯಿಂದ ನೀರಾ ಇಳಿಸಲು ಅನುಮತಿ ಬೇಕೆಂದು ರಾಜ್ಯದ ತೆಂಗು ಬೆಳೆಗಾರರು ಚಳವಳಿ ಹೂಡಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಈ ಹೋರಾಟದ ರೈತರು ಗೋಲಿಬಾರಿಗೆ ಬಲಿಯಾದರು. ಸರ್ಕಾರ ಪರವಾನಗಿಯ ಮೂಲಕ ನೀರಾಕ್ಕೆ ದಾರಿ ಮಾಡಿದ್ದು ಬಹಳ ಕಾಲದ ಮೇಲೆ. ಸೊಹೋನಿ ಅವರ ಸಂಶೋಧನೆ ಈ ಚಳವಳಿಗೆ ನೇರ ಪ್ರೇರಣೆಯೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಆದರೆ ನೀರಾ ಆಹಾರವೋ ಮಾದಕವೋ ಎಂಬ ಪ್ರಶ್ನೆಗೆ ರಸಾಯನಶಾಸ್ತ್ರದ ನೆಲೆಯಿಂದ ಅವರು ದಶಕಗಳ ಹಿಂದೆಯೇ ಉತ್ತರ ಒದಗಿಸಿದ್ದರು. ಉತ್ತರ ಪ್ರಯೋಗಾಲಯದಲ್ಲಿತ್ತು, ಅದು ಕಾನೂನಿಗೆ ತಲುಪಿರಲಿಲ್ಲ.

6. ಕೊನೆಯ ವರ್ಷಗಳು

ಸಂಶೋಧನೆಯಲ್ಲಿ ಇಷ್ಟು ಸಾಧಿಸಿದ್ದರೂ ಮುಂಬಯಿಯ ಸಂಸ್ಥೆಯ ನಿರ್ದೇಶಕ ಸ್ಥಾನ ಅವರಿಗೆ ತಡವಾಗಿ, 1965ರಲ್ಲಿ ದೊರೆಯಿತು. 1969ರಲ್ಲಿ ನಿವೃತ್ತರಾದರು. ಅದಾದ ಮೇಲೂ ಅವರ ರಸಾಯನಶಾಸ್ತ್ರ ನಿಲ್ಲಲಿಲ್ಲ. ಮುಂಬಯಿಯ ಗ್ರಾಹಕ ಮಾರ್ಗದರ್ಶಕ ಸಂಘಟನೆಯಲ್ಲಿ ತೊಡಗಿಸಿಕೊಂಡು ಆಹಾರದ ಕಲಬೆರಕೆಯ ವಿರುದ್ಧ ದುಡಿದರು. ಅದರ ಕೀಮತ್ ಪತ್ರಿಕೆಗೆ ಬರೆದರು. 1982-83ರಲ್ಲಿ ಅದರ ಅಧ್ಯಕ್ಷರಾದರು. ಕಾಳಿನ ಸಾರಜನಕದಲ್ಲಿ ಪ್ರೋಟೀನು ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸಿ ಅಳೆದ ಕೈಗಳೇ ಈಗ ಅಂಗಡಿಯ ದಿನಸಿಯಲ್ಲಿ ಸಾಚಾ ಯಾವುದು, ಬೆರಕೆ ಯಾವುದು ಎಂದು ಪರೀಕ್ಷಿಸಲು ಗೃಹಿಣಿಯರಿಗೆ ಕಲಿಸುತ್ತಿದ್ದವು. 1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ದೆಹಲಿಯಲ್ಲಿ ಅವರನ್ನು ಗೌರವಿಸಿದ ಸಮಾರಂಭದಲ್ಲೇ ಕುಸಿದು, ಅಲ್ಪಕಾಲದಲ್ಲಿ ತೀರಿಕೊಂಡರು.

ಕಮಲಾ ಸೊಹೋನಿ ಅವರ ಬದುಕಿನಿಂದ ವಿಜ್ಞಾನದ ಚರಿತ್ರೆಗೂ ಮಹಿಳಾ ಅಧ್ಯಯನಕ್ಕೂ ದೊರೆಯುವ ತಿಳಿವು ಪ್ರವೇಶದ ಪ್ರಸಂಗಕ್ಕೆ ಸೀಮಿತವಾದುದಲ್ಲ. ಹಾಲು, ಕಾಳು, ಗೆಡ್ಡೆ, ಬೆಲ್ಲಗಳು ಹೆಣ್ಣಿನ ಲೋಕದ ಸಾಮಾನ್ಯ ವಸ್ತುಗಳೆಂದು ವಿಜ್ಞಾನದ ಗಂಭೀರ ಚರ್ಚೆಯಿಂದ ದೂರ ಉಳಿಯಬಹುದಾಗಿದ್ದವು. ಆ ವಸ್ತುಗಳನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು, ಅತ್ಯಂತ ಕಟ್ಟುನಿಟ್ಟಾದ ವಿಧಾನಗಳಿಂದ ಪರೀಕ್ಷಿಸಿ, ಅವುಗಳಿಂದಲೇ ಹಸಿವು ಮತ್ತು ಪೋಷಣೆಯ ಪ್ರಶ್ನೆಗಳಿಗೆ ಅವರು ಉತ್ತರ ಪಡೆದರು. ಆಕೆಯಿಂದ ವಾತಾವರಣ ಕೆಡಬಹುದೆಂದು ಆತಂಕಪಟ್ಟಿದ್ದ ಪ್ರಯೋಗಾಲಯದ ಪರಿಧಿ ಆಕೆಯ ಕೆಲಸದಿಂದಲೇ ಹಿಗ್ಗಿತು. ಇಂಥ ಬದುಕುಗಳನ್ನು ಕನ್ನಡದಲ್ಲಿ ಬರೆಯುವವರು ಬಾಗಿಲಿನ ದೃಶ್ಯಕ್ಕೆ ಕೊಟ್ಟಷ್ಟೇ ಗಮನವನ್ನು ಮೇಜಿನ ಮೇಲಿನ ಕೆಲಸಕ್ಕೂ ಕೊಟ್ಟಾಗ, ಅವರೆಕಾಳಿನ ಪ್ರೋಟೀನಿನ ಚರಿತ್ರೆ ಕನ್ನಡದ ಓದುಗರಿಗೆ ತಮ್ಮದೇ ಊಟದ ಚರಿತ್ರೆಯಾಗಿ ಒದಗಬಲ್ಲದು.